ಚಲೋ ಅದೀನಿ ಅನ್ನಲಿಕ್ಕೆ ಬಾರದವಳು

ಚೈತ್ರಾ ಹರಪನಹಳ್ಳಿಯ ಹಾಸ್ಟೆಲಿನಿಂದ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಒಂದೇ ಮಾತು, "ಅಜ್ಜಿ, ಹೆಂಗದೀ?" ನಾನು ಹೇಳುವುದೂ ಒಂದೇ ಮಾತು, "ಸುಮಾರು ಅದೀನವ್ವ." ಮೊನ್ನೆ ಅವಳಿಗೆ ರೇಗಿಬಿಟ್ಟಿತು.

"ಸುಮಾರು ಅಂದ್ರೆ ಏನಜ್ಜಿ? ಪಾಸೋ, ಫೇಲೋ? ಜ್ವರ ಐತಾ?"

"ಇಲ್ಲ."

"ಮಂಡಿ ನೋವು?"

"ಈಗ ಅಷ್ಟಿಲ್ಲ."

"ಊಟ ಸೇರ್ತೈತಾ?"

"ಸೇರ್ತೈತಿ."

"ಮತ್ತ ಚಲೋ ಅದೀನಿ ಅನ್ನಾಕ ಏನು ಧಾಡಿ ನಿನಗ?"

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ನಾನು ಸುಮ್ಮನಾದರೆ ಸಿಗ್ನಲ್ ಹೋಯಿತೆಂದುಕೊಂಡು ಅವಳು "ಹಲೋ, ಹಲೋ" ಅನ್ನುತ್ತಾಳೆ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, ಕಾಲೇಜಿಗೆ ಯಾರೋ ಬಂದು ಒಂದು ದಿನವೆಲ್ಲ ಪಾಠ ಹೇಳಿದರೆಂದಳು. ಮನಸ್ಸಿಗೆ ಬರುವ ಕೆಟ್ಟ ವಿಚಾರವನ್ನು ಅಲ್ಲೇ ಹಿಡಿದು ನಿಲ್ಲಿಸಿ, ಅದರ ಮುಖವನ್ನು ಒಳ್ಳೆಯ ಕಡೆಗೆ ತಿರುಗಿಸಬೇಕಂತೆ. ಪಾಸಿಟಿವ್ ಥಿಂಕಿಂಗ್ ಅಂತಾರಂತೆ ಅದಕ್ಕೆ. ಹಟಮಾರಿ ಟಗರನ್ನು ಕೋಡು ಹಿಡಿದು ದೊಡ್ಡಿಯ ಕಡೆಗೆ ತಿರುಗಿಸಿದ ಹಾಗೆ ಇರಬೇಕು ಎಂದುಕೊಂಡೆ. "ಆತು, ನಿನ್ನ ಪರೀಕ್ಷಿ ಹೆಂಗಾತು?" ಎಂದು ಕೇಳಿದೆ. "ಸುಮಾರು" ಅಂದಳು. ಇಬ್ಬರೂ ನಕ್ಕೆವು.

ಫೋನು ಇಟ್ಟ ಮೇಲೆ ನನಗೆ ನಗು ಉಳಿಯಲಿಲ್ಲ. ನಮ್ಮವ್ವನ ಬಾಯಿಂದ ನನ್ನ ಬಾಯಿಗೆ ಬಂದ ಮಾತು ನನ್ನನ್ನು ದಾಟಿ ಆ ಹುಡುಗಿಯ ಬಾಯಿಗೂ ಹೋಗಿ ಕೂತಿದೆಯಲ್ಲ ಎಂದು ಸಂಕಟವಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಲಿಕ್ಕೆ ನನ್ನಿಂದಾಗದು. ನಾಲ್ಕು ಜನ ಕೂತಲ್ಲಿ ಕುಡಿಯುವ ನೀರು ಕೇಳಲಿಕ್ಕೂ ನಾಚುವವಳು ನಾನು. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ ಅಕ್ಷರ ಇವು. ಚೈತ್ರಾ, ಮನು, ಒತ್ತಕ್ಷರ ತಪ್ಪಿದ್ದರೆ ಅಕ್ಕ ತಮ್ಮ ಇಬ್ಬರೂ ಸೇರಿ ನಗಬೇಡಿರಿ.

ನನ್ನ ಹೆಸರಿನಿಂದಲೇ ಶುರು ಮಾಡುತ್ತೇನೆ. ತಿಪ್ಪಮ್ಮ. ಚಿಕ್ಕವರಿದ್ದಾಗ ನೀವು ಈ ಹೆಸರಿಗೂ ನಕ್ಕಿದ್ದೀರಿ. ನನಗಿಂತ ಮೊದಲು ನಮ್ಮವ್ವನಿಗೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ನಾನು ಹುಟ್ಟಿದ ಕೂಡಲೇ ಮೊರದಲ್ಲಿ ಹಾಕಿ, ಹಿತ್ತಲ ತಿಪ್ಪೆಯ ಮೇಲಿಟ್ಟು, ಬೇಡದ ಕೂಸೆಂದು ಬಿಟ್ಟು ಬಂದರಂತೆ. ನೆರೆಮನೆಯಾಕೆ ಎತ್ತಿಕೊಂಡು ಬಂದಳಂತೆ. ನಮ್ಮವ್ವ ಅವಳಿಗೆ ಒಂದು ಸೇರು ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳಂತೆ. ತಿಪ್ಪೆಯ ಕಸ, ತೌಡಿನ ಬೆಲೆಯದು ಅಂತ ತಿಳಿದರೆ ಸಾವು ಕೂಡ ಮೂಗು ಮುರಿದು ಮುಂದಿನ ಮನೆಗೆ ಹೋಗುತ್ತದೆ ಎಂಬ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ ಅಂತಲೇ ಹೇಳಬೇಕು, ಇಷ್ಟು ವರ್ಷ ಬದುಕಿದೆನಲ್ಲ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಆಮೇಲೂ ನಮ್ಮವ್ವ ನನ್ನನ್ನು ತಿಪ್ಪೆಯಲ್ಲೇ ಬಚ್ಚಿಟ್ಟಳು. ಯಾರ ಮುಂದೆಯೂ ನನ್ನನ್ನು ಚೆಂದ ಅನ್ನಲಿಲ್ಲ, ಜಾಣೆ ಅನ್ನಲಿಲ್ಲ. ಒಮ್ಮೆ ನಾನು ಪದ್ಯ ಬಾಯಿಪಾಠ ಒಪ್ಪಿಸಿದ್ದನ್ನು ಮೇಷ್ಟ್ರು ಬೀದಿಯಲ್ಲಿ ನಿಲ್ಲಿಸಿ ಅವ್ವನಿಗೆ ಹೇಳಿದರು. "ಚುರುಕ ಅದಾಳ ನಿಮ್ಮ ಹುಡುಗಿ" ಅಂದರು. ಅವ್ವ ಸೆರಗು ಬಾಯಿಗೆ ಹಿಡಿದು, "ಎಲ್ಲಿ ಚುರುಕ್ರಿ, ತೆಲಿಯಾಗ ಬರೇ ಸಗಣಿ" ಅಂದಳು. ನಾನು ಮನೆತನಕ ಅತ್ತುಕೊಂಡು ಹೋದೆ. ಮನೆಯಲ್ಲಿ ಅವ್ವ ಬಾಗಿಲು ಮುಂದಕ್ಕೆಳೆದು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯನ್ನೂ ಬೆಲ್ಲವನ್ನೂ ಸವರಿ ಕೊಟ್ಟಳು. ಅವತ್ತು ನಾನೊಂದು ಪಾಠ ಕಲಿತೆ. ಬೀದಿಯಲ್ಲಿ ಸಗಣಿ ಅಂದರೆ ಒಳಗೆ ಬೆಣ್ಣೆ. ಬೈಗುಳದ ಕೆಳಗೆ ಪ್ರೀತಿ ಇರುತ್ತದೆ, ಅದನ್ನು ಮೇಲೆ ತೆಗೆದು ತೋರಿಸಬಾರದು. ತೋರಿಸಿದರೆ ನೆದರು, ಮಂದಿಯ ಕೆಟ್ಟ ಕಣ್ಣು, ತಗಲುತ್ತದೆ.

ನಮ್ಮ ಸೀಮೆಯೇ ಹಾಗೆ ನೋಡಿ. ಹರಪನಹಳ್ಳಿಯ ಪೇಟೆಗೆ ಮೆಕ್ಕೆಜೋಳ ತಂದವನನ್ನು ಕೇಳಿ, ಟ್ರ್ಯಾಕ್ಟರಿನ ತುಂಬ ಚೀಲ ಇಟ್ಟುಕೊಂಡು "ಈ ಸಲ ಏನಿಲ್ರಿ" ಅನ್ನುತ್ತಾನೆ. ಹಡಗಲಿಯ ಬಸ್ಸಿನಲ್ಲಿ ಮಲ್ಲಿಗೆ ಮಾರುವವಳನ್ನು ಕೇಳಿ, ಪುಟ್ಟಿಯ ಮೇಲೆ ಒದ್ದೆ ಬಟ್ಟೆ ಎಳೆದು "ಮೊಗ್ಗೇ ಇಲ್ಲಬೇ ಇವತ್ತು" ಅನ್ನುತ್ತಾಳೆ. ಬಸ್ಸಿನ ತುಂಬ ಆ ಇಲ್ಲದ ಮೊಗ್ಗಿನ ವಾಸನೆ.

ನಿಮ್ಮ ತಾತ ನನ್ನನ್ನು ನೋಡಲು ಬಂದಾಗಲೂ ನಮ್ಮವ್ವ ತನ್ನ ಬುದ್ಧಿ ಬಿಡಲಿಲ್ಲ. "ಹುಡುಗಿ ಕೆಲಸಕ್ಕ ಸುಮಾರು, ಅಡಿಗಿ ಅದಕ್ಕಿಂತ ಸುಮಾರು" ಅಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಒಳಗೆ ಕದದ ಸಂದಿಯಲ್ಲಿ ನಿಂತು, ಎದ್ದು ಹೋಗುತ್ತಾರೆ ಅಂದುಕೊಂಡೆ. ಆಗ ನಿಮ್ಮ ತಾತ, "ಹಂಗಾರ ಸರಿಹೋತು ಬಿಡ್ರಿ, ನಾನೂ ಸುಮಾರೇ ಅದೀನಿ" ಅಂದರು. ಅವರು ಸುಮಾರು ಎಂಬ ಮಾತನ್ನು ಆಡಿದ್ದು ಅದೊಂದೇ ಸಲ ಇರಬೇಕು. ಬೇರೆ ಯಾವಾಗ ಯಾರು ಕೇಳಿದರೂ "ಚಲೋ ಅದೀನಿ" ಅನ್ನುವ ಮನುಷ್ಯ. ಪೇಟೆಯಲ್ಲಿ ಎಲ್ಲರೂ ಈ ಸಲ ಏನಿಲ್ಲ ಅನ್ನುವಾಗ ಇವರೊಬ್ಬರು "ನಂದು ಚಲೋ ಬಂದೈತಿ ನೋಡ್ರಿ, ಕಾಳು ಹೆಂಗದಾವ" ಅಂತ ಮುಷ್ಟಿ ತುಂಬ ಎತ್ತಿ ತೋರಿಸುತ್ತಿದ್ದರು. ನಮ್ಮ ಕುರಿಮರಿಗಳಿಗೆ ರಾಜ, ಪಟ್ಟದ ರಾಣಿ ಅಂತ ಹೆಸರಿಟ್ಟು ಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಅವರು ಹೊಗಳಿ ಬಂದ ಹಿಂದೆಯೇ ನಾನು ಉಪ್ಪು ಮೆಣಸಿನಕಾಯಿ ಹಿಡಿದು ಹೋಗಿ ಮರಿಗಳಿಗೆ ನಿವಾಳಿಸಿ ಬರುತ್ತಿದ್ದೆ.

"ಲೇ ತಿಪ್ಪಿ, ನೆದರು ತಗದು ತಗದು ಮನ್ಯಾಗಿನ ಮೆಣಸಿನಕಾಯಿ ಖಾಲಿ ಮಾಡಿದಿ. ಸಾರಿಗೆ ಏನು ಹಾಕ್ತಿ?" ಅನ್ನುತ್ತಿದ್ದರು.

"ನೀವು ಬಾಯಿ ಮುಚ್ಚಿಕೊಂಡ್ರೆ ಮೆಣಸಿನಕಾಯಿ ಉಳಿತಾವ" ಅನ್ನುತ್ತಿದ್ದೆ.

ಹೀಗೆ ಅವರು ಬಿಚ್ಚುವುದು, ನಾನು ಮುಚ್ಚುವುದು. ಸಂಸಾರ ಚೆನ್ನಾಗಿಯೇ ನಡೆಯಿತು. ಚೆನ್ನಾಗಿಯೇ ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ, ನೋಡಿ.

ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ನಿಮ್ಮ ತಾತನ ಕೈ ಸುತ್ತಲ ಊರಿಗೆಲ್ಲ ಗೊತ್ತಿತ್ತು. ಕುರಿಯನ್ನು ಮಗ್ಗುಲಿಗೆ ಕೆಡವಿ ಕಾಲು ಕಟ್ಟಿ, ದೊಡ್ಡ ಕತ್ತರಿ ಹಿಡಿದು ಹೊಟ್ಟೆಯಿಂದ ಬೆನ್ನಿಗೆ ಹೋಗುತ್ತಿದ್ದರು. ಉಣ್ಣೆ ಹರಿಯದೆ ಕಂಬಳಿಯ ಹಾಗೆ ಒಂದೇ ತುಂಡಾಗಿ ಕಳಚಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಹಾಗೆ ಕೂತಿದ್ದವರ ಕೈಯಿಂದ ಕತ್ತರಿ ಜಾರಿತು. ಎತ್ತಿಕೊಳ್ಳಲಿಕ್ಕೆ ಹೋದರು, ಬೆರಳು ಕೇಳಲಿಲ್ಲ. "ಕೈ ಜೋಮು ಹಿಡದೈತಿ" ಅಂದದ್ದು ಅರ್ಧ ಅರ್ಧ ಕೇಳಿಸಿತು. ಬಾಯಿ ಒಂದು ಕಡೆ ವಾಲಿತ್ತು.

ಆಸ್ಪತ್ರೆಯಿಂದ ಬಂದಾಗ ಮಾತು ಸರಿಹೋಗಿತ್ತು. ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಬಲಗೈ ಮಾತ್ರ ಮಡಿಲಲ್ಲಿ ಬೇರೆಯವರದ್ದೇನೋ ಇಟ್ಟುಕೊಂಡ ಹಾಗೆ ಬಿದ್ದಿರುತ್ತಿತ್ತು. ವ್ಯಾಯಾಮ ಹೇಳಿಕೊಡುವ ಒಬ್ಬ ಹುಡುಗಿ ಹರಪನಹಳ್ಳಿಯಿಂದ ಬಂದಳು. ಬೆರಳು ಮಡಿಸುವುದು, ಬಿಡಿಸುವುದು, ಮೆತ್ತನೆಯದೇನಾದರೂ ಹಿಡಿದು ಹಿಚುಕುವುದು, ಇವನ್ನೆಲ್ಲ ನನಗೂ ತೋರಿಸಿಕೊಟ್ಟಳು. "ಮೊದಲ ತಿಂಗಳುಗಳೇ ಮುಖ್ಯ ಕಣಜ್ಜಿ, ದಿನಾ ಬಿಡದಂಗೆ ಮಾಡಿಸ್ರಿ. ಕೈ ಬರುತ್ತೆ" ಅಂದಳು. ರಬ್ಬರ್ ಚೆಂಡು ತರಲಿಕ್ಕೆ ಹೇಳಿದಳು. ನಿಮ್ಮ ತಾತ, "ಚೆಂಡು ಯಾಕ, ಒಂದು ಹಿಡಿ ಉಣ್ಣಿ ಕೊಡು" ಅಂದರು. ಉಣ್ಣೆಯನ್ನು ಉಂಡೆ ಕಟ್ಟಿ ಅಂಗೈಯಲ್ಲಿಟ್ಟೆ.

ಅವರಿಗೆ ಬೇಕಾಗಿದ್ದು ಒಂದೇ, ತನ್ನ ಕೈಯಿಂದ ತಾನು ಉಣ್ಣಬೇಕು. ಎಡಗೈಯಿಂದ ಉಣ್ಣಲಿಕ್ಕೆ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ನಾನು ತುತ್ತು ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮನು ಆಗಿನ್ನೂ ಸಣ್ಣವನು, "ತಾತನೂ ನನ್ನಂಗ ಉಣ್ತಾನ" ಅಂತ ಕುಣಿದ. ಎಲ್ಲರಿಗಿಂತ ಮೊದಲು ಅವರೇ ನಕ್ಕರು. ಅವತ್ತು ಅರ್ಧಕ್ಕೆ ಊಟ ಬಿಟ್ಟರು.

ನಿಮ್ಮಪ್ಪ ಕೊಟ್ಟೂರಿಗೆ ಕೆಲಸಕ್ಕೆ, ನಿಮ್ಮವ್ವ ಅಂಗನವಾಡಿಗೆ, ನೀವು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ದಿನವೆಲ್ಲ ಉಣ್ಣೆಯ ಉಂಡೆ. ಮೊದಲು ಹೆಬ್ಬೆರಳು ಅಲುಗಿತು. ಕೆಲವು ದಿನಗಳಾದ ಮೇಲೆ ಪಕ್ಕದ ಬೆರಳು ಬಂದಿತು. ಆಮೇಲೊಂದು ಮಧ್ಯಾಹ್ನ ಅವರು ನನ್ನ ಕೈ ಸರಿಸಿ, ರೊಟ್ಟಿ ತುಂಡನ್ನು ಮೂರು ಬೆರಳಲ್ಲಿ ಹಿಡಿದು, ನಡುಗುತ್ತ ನಡುಗುತ್ತ ಎತ್ತಿ ಬಾಯಿಗೆ ಮುಟ್ಟಿಸಿದರು. ಪಲ್ಯ ಅರ್ಧ ಎದೆಯ ಮೇಲೆ ಬಿತ್ತು. ಅವರು ಅಗಿಯುತ್ತ ನನ್ನ ಮುಖ ನೋಡಿದರು. ಏನಾದರೂ ಅನ್ನಲಿ ಎಂದು ಕಾದಿದ್ದರು ಅಂತ ಈಗ ಅನಿಸುತ್ತದೆ. ನಾನು ಏನೂ ಅನ್ನದೆ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿದೆ.

ಯಾರೂ ನೋಡಬಾರದಿತ್ತು. ಅಷ್ಟು ದೊಡ್ಡ ಸಂತೋಷ ನಮ್ಮ ಮನೆಗೆ ಬಂದಿತ್ತು, ಅದನ್ನು ತಿಪ್ಪೆಯಲ್ಲಿ ಬಚ್ಚಿಡಬೇಕಿತ್ತು.

ಸಂಜೆ ಪಕ್ಕದ ಮನೆಯ ಹಾಲವ್ವ ಬಂದಳು. "ಹೆಂಗದಾರಬೇ ಅಣ್ಣಾರು?" ಅಂತ ಹೊಸ್ತಿಲಲ್ಲೇ ಕೇಳಿದಳು. ನಾನು ಬಾಗಿಲು ಅರ್ಧ ಹಿಡಿದು ನಿಂತು, "ಹೆಂಗೇನು ಬಂತವ್ವ, ಇದ್ದಂಗ ಅದಾರ. ಆ ಕೈ ಇನ್ನು ಬರಂಗ ಕಾಣವಲ್ದು" ಅಂದೆ. ಕಣ್ಣಿಗೆ ಸೆರಗೂ ಒತ್ತಿಕೊಂಡೆ. ಹಾಲವ್ವ "ಶಿವನಿಚ್ಛೆ" ಅಂತ ಹೋದಳು. ಕೂಡ್ಲಿಗಿಯಿಂದ ಬೀಗರು ಬಂದಾಗ ಇನ್ನೂ ಜೋರು ಮಾಡಿದೆ, "ಕೈ ಹೋದಂಗ ಲೆಕ್ಕ" ಅಂದೆ. ನೀರಿಗೆ ಹೋದಲ್ಲಿ ಕೇಳಿದವರಿಗೂ ಹಾಗೇ ಹೇಳಿದೆ. ನಾಚಿಕೆಯವಳು ನಾನು, ಆದರೆ ಈ ಒಂದು ಮಾತನ್ನು ಮಾತ್ರ ಚೆನ್ನಾಗಿ ಆಡಿದೆ. ಹೊರಗೆ ಎಷ್ಟು ಕೆಟ್ಟದ್ದು ಹೇಳುತ್ತೇನೋ ಒಳಗೆ ಅಷ್ಟು ಬೇಗ ಗುಣವಾಗುತ್ತದೆ ಎಂದು ನಂಬಿದ್ದೆ.

ಅವರ ಮಂಚ ಇದ್ದದ್ದು ಬಾಗಿಲ ಪಕ್ಕದ ಗೋಡೆಗೆ ಹತ್ತಿಕೊಂಡು.

ಉಣ್ಣೆಯ ಉಂಡೆ ಮೆಲ್ಲಗೆ ಮಂಚದ ಕೆಳಗೆ ಉರುಳತೊಡಗಿತು. ನಾನು ಎತ್ತಿಕೊಟ್ಟರೆ ಹಿಡಿಯುವರು, ಹಿಚುಕುತ್ತಿರಲಿಲ್ಲ. "ಸಾಕು ಬಿಡು, ತ್ರಾಸ ಆಗ್ತೈತಿ" ಅನ್ನುವರು. ಊಟಕ್ಕೆ ಮತ್ತೆ ಬಾಯಿ ತೆರೆಯತೊಡಗಿದರು, ಕಣ್ಣು ಮುಚ್ಚಿಕೊಂಡು. ಇಷ್ಟೆಲ್ಲ ಮುಚ್ಚಿಟ್ಟರೂ ನೆದರು ತಗಲಿತಲ್ಲ, ಯಾರು ನೋಡಿದರು ಅಂತ ನಾನು ಒದ್ದಾಡಿದೆ. ಮೆಣಸಿನಕಾಯಿ ನಿವಾಳಿಸಿದೆ. ಉಜ್ಜಿನಿಯ ಮಠಕ್ಕೆ ಹೋಗಿ ಭಸ್ಮ ತಂದು ಕೈಗೆ ಸವರಿದೆ. ಬಾಗಿಲಲ್ಲಿ ಇನ್ನೂ ಕೆಟ್ಟದ್ದು ಹೇಳಿದೆ. ಹೀಗೇ ಚಳಿಗಾಲ ಹೋಯಿತು, ಬಿಸಿಲು ಬಂತು. ವ್ಯಾಯಾಮದ ಹುಡುಗಿ ಹೇಳಿದ್ದ ಮೊದಲ ತಿಂಗಳುಗಳು ಅವೇ.

ಚೈತ್ರಾ, ನಿನಗೆ ನೆನಪಿದೆಯೋ ಇಲ್ಲವೋ. ಬೇಸಿಗೆ ರಜೆಯಲ್ಲಿ ನೀನು ಮಂಚದ ಮೇಲೆ ಹತ್ತಿ ಕೂತು, "ತಾತ, ಯಾಕ ಮಾಡವಲ್ಲಿ ವ್ಯಾಯಾಮ?" ಅಂತ ಕೇಳಿದೆ. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

"ಬರದ ಕೈಗೆ ಯಾಕವ್ವ ತ್ರಾಸು?" ಅಂದರು.

"ಬರಂಗಿಲ್ಲ ಅಂತ ಯಾರು ಹೇಳ್ಯಾರ?"

"ನನಗ ಯಾರೂ ಹೇಳಿಲ್ಲ. ಡಾಕ್ಟ್ರು ನಿಮ್ಮ ಅಜ್ಜಿಗೆ ಹೇಳಿರಬೇಕು. ಆಕಿ ಬಾಗಲದಾಗ ಎಲ್ಲಾರಿಗೂ ಹೇಳ್ತಾಳಲ್ಲ. ನಿಮ್ಮ ಅಜ್ಜಿ ಸುಳ್ಳು ಹೇಳಾಕಿ ಅಲ್ಲ."

ರೊಟ್ಟಿ ಹೆಂಚಿನ ಮೇಲೆ ಸೀದು ಹೊಗೆ ಬಂದದ್ದು ನಿನಗೇ ಮೊದಲು ಗೊತ್ತಾಯಿತು.

ನಿಮ್ಮ ತಾತನಿಗೆ ಈ ಪದ್ಧತಿ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಬದುಕಿನುದ್ದಕ್ಕೂ ಅದಕ್ಕೇ ನನ್ನನ್ನು ಗೇಲಿ ಮಾಡಿದವರು. ಆದರೆ ಓಡಾಡುವವನ ಕಿವಿ ಬೇರೆ, ಮಲಗಿದವನ ಕಿವಿ ಬೇರೆ. ಓಡಾಡುವವನು ಮಾತನ್ನು ಕೇಳಿ ನಕ್ಕು ಹೊಲಕ್ಕೆ ಹೋಗುತ್ತಾನೆ. ಮಲಗಿದವನಿಗೆ ಹೊಲವಿಲ್ಲ, ಅದೇ ಮಾತನ್ನು ದಿನವೆಲ್ಲ ನೆನೆಯುತ್ತ ಬಿದ್ದಿರುತ್ತಾನೆ. ನನಗೆ ಇದು ಹೊಳೆಯಲಿಲ್ಲ. ನನ್ನ ಬೈಗುಳದ ಕೆಳಗೆ ಬೆಣ್ಣೆ ಇದೆಯೆಂದು ಹುಡುಕಿ ನೋಡುವ ಶಕ್ತಿ ಅವರಲ್ಲಿ ಉಳಿದಿದೆಯೋ ಇಲ್ಲವೋ ಎಂದು ನಾನು ಯೋಚಿಸಲೇ ಇಲ್ಲ.

ಆ ಮಧ್ಯಾಹ್ನವೇ ಹೋಗಿ ಅವರ ಹತ್ತಿರ ಕೂತೆ. "ಡಾಕ್ಟ್ರು ಏನೂ ಹೇಳಿಲ್ರಿ. ನೆದರು ತಗಲಬಾರದು ಅಂತ ನಾನೇ ಹಂಗ ಅಂದೆ. ಕೈ ಬರ್ತೈತಿ. ಚಲೋ ಆಗ್ತೀರಿ ನೀವು" ಅಂದೆ.

ಅವರು ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ಹಾಕಿಕೊಂಡರು. ಆಮೇಲೆ ನಕ್ಕರು. "ಲೇ ತಿಪ್ಪಿ, ನಿನ್ನ ಬಾಯಾಗ ಚಲೋ ಅಂತ ಬಂತು ಅಂದ್ರ ನನ್ನ ಕತಿ ಮುಗೀತು ಬಿಡು" ಅಂದರು.

ತಮಾಷೆಗೆ ಅಂದರು ಎಂದುಕೊಳ್ಳಲಿಕ್ಕೆ ನೋಡಿದೆ. ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ಸಾಯುವವನ ಮುಂದೆ ಸಿಹಿ ಮಾತಾಡುತ್ತಾರಲ್ಲ, ಹಾಗೆ ಇವಳೂ ಶುರು ಮಾಡಿದಳು ಎಂದು ಅವರಿಗೆ ಅನಿಸಿತ್ತು. ಇಷ್ಟು ವರ್ಷ ಒಂದು ದಿನವಾದರೂ ನಾನು ಚಲೋ ಅಂದಿದ್ದರೆ ಅವತ್ತು ಆ ಮಾತಿಗೆ ಬಲ ಇರುತ್ತಿತ್ತು. ಅವರ ಜೋಳಕ್ಕೆ ಅಂದಿರಲಿಲ್ಲ, ಮರಿಗಳಿಗೆ ಅಂದಿರಲಿಲ್ಲ, ಮೊದಲ ತುತ್ತು ಎತ್ತಿ ನನ್ನ ಮುಖ ನೋಡಿದ ದಿನವೂ ಅಂದಿರಲಿಲ್ಲ. ಬಳಸದೆ ಇಟ್ಟ ಕತ್ತರಿ ತುಕ್ಕು ಹಿಡಿಯುತ್ತದೆ. ಮಾತೂ ಹಾಗೇ ಅಂತ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ಆದರೂ ಕಲಿಯಲಿಕ್ಕೆ ಕೂತೆ. ಈ ವಯಸ್ಸಿನಲ್ಲಿ ಒಂದು ಮಾತು ಕಲಿಯುವುದೆಂದರೆ ನಗೆಪಾಟಲು. ಸಣ್ಣದರಿಂದ ಶುರು ಮಾಡಿದೆ. ಚಹಾ ಕುಡಿದು "ಚಹಾ ಚಲೋ ಆಗೈತಿ" ಅಂದೆ, ನಾನೇ ಮಾಡಿದ ಚಹಾ. ನಿಮ್ಮವ್ವ ಲೋಟ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. ಕೋಳಿಗೆ ಹೇಳಿದೆ, ಮೋಡಕ್ಕೆ ಹೇಳಿದೆ. ಪ್ರತಿ ಸಲವೂ ಮಾತು ಮುಗಿದ ಕೂಡಲೇ ಬೆನ್ನಿನಲ್ಲಿ ಚಳಿ, ಯಾರೋ ಹಿಂದೆ ನಿಂತು ಕೇಳಿಸಿಕೊಂಡರು ಎಂಬ ಹಾಗೆ. ನಿವಾಳಿಸಲಿಕ್ಕೆ ಕೈ ತಾನೇ ಮೆಣಸಿನಕಾಯಿಯ ಡಬ್ಬಿಗೆ ಹೋಗುವುದು, ಎಳೆದುಕೊಳ್ಳುವೆ. ಚೈತ್ರಾ, ವಿಚಾರದ ಮುಖ ತಿರುಗಿಸಬೇಕು ಅಂತ ನಿಮ್ಮ ಪಾಠದವರು ಹೇಳಿದ್ದು ಖರೆ. ಆದರೆ ಅದು ತಿರುಗುವಾಗ ಎಷ್ಟು ಭಯವಾಗುತ್ತದೆ ಅಂತ ಅವರು ಹೇಳಿದರೋ ಇಲ್ಲವೋ ತಿಳಿಯದು. ಕೆಟ್ಟದ್ದನ್ನು ಯೋಚಿಸುವವರೆಲ್ಲ ಕೆಟ್ಟದ್ದನ್ನು ಬಯಸುವವರಲ್ಲ. ಬಹಳ ಮಂದಿ ಕಾವಲು ಕಾಯುತ್ತಿರುತ್ತಾರೆ. ಕಾವಲು ಬಿಟ್ಟು ಏಳು ಅಂದರೆ ಕಾಲು ಬರುವುದಿಲ್ಲ.

ನಿಮ್ಮ ತಾತ ಇದನ್ನೆಲ್ಲ ಮಂಚದಿಂದ ನೋಡುತ್ತಿದ್ದರು. ಒಂದು ದಿನ "ಉಂಡಿ ಎಲ್ಲೈತಿ?" ಅಂತ ಕೇಳಿದರು. ಅಷ್ಟೇ. ಮಂಚದ ಕೆಳಗಿಂದ ತೆಗೆದು ಧೂಳು ಕೊಡವಿ ಕೊಟ್ಟೆ. ವ್ಯಾಯಾಮದ ಹುಡುಗಿ ಮತ್ತೆ ಬಂದಳು. ಕೈ ಹಿಡಿದು ಮಡಿಸಿ ನೋಡಿ, ಭುಜ ಬಿಗಿದುಕೊಂಡಿದೆ, ನಡುವೆ ಬಿಡಬಾರದಿತ್ತು ಅಂದಳು. ಯಾಕೆ ಬಿಟ್ಟಿರಿ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ನಿಮ್ಮ ತಾತ ಮಾತ್ರ ಅವಳಿಗೆ, "ನಂದೇ ಆಲಸ್ಯ" ಅಂದರು.

ಮಳೆ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಹಾಲವ್ವ ಬಾಗಿಲಿಗೆ ಬಂದಳು. "ಹೆಂಗದಾರಬೇ ಅಣ್ಣಾರು?" ಅದೇ ಪ್ರಶ್ನೆ, ಅದೇ ಹೊಸ್ತಿಲು. ಒಳಗೆ ಅವರು ಊಟಕ್ಕೆ ಕೂತಿದ್ದರು.

"ಚಲೋ ಅದಾರವ್ವ" ಅಂದೆ. ದನಿ ಸಣ್ಣಗೆ ಬಂತು. ಮತ್ತೆ ದೊಡ್ಡದಾಗಿ, ಒಳಗೆ ಕೇಳುವ ಹಾಗೆ ಅಂದೆ, "ಚಲೋ ಅದಾರ. ತಾವೇ ಉಣ್ಣಾಕ ಹತ್ಯಾರ. ಬಾ ಒಳಗ, ನೋಡು." ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದೆ.

ಹಾಲವ್ವ ಒಳಗೆ ಬಂದು ನಿಂತಳು. ನಿಮ್ಮ ತಾತ ಮೂರು ಬೆರಳಲ್ಲಿ ರೊಟ್ಟಿ ಹಿಡಿದು ಎತ್ತಿದರು. ಕೈ ತಾಟಿನಿಂದ ಮೇಲೆ ಬಂತು. ಎದೆಯ ತನಕ ಬಂತು. ಅಲ್ಲಿ ನಿಂತು ನಡುಗಿತು. ಭುಜ ಮುಂದಕ್ಕೆ ಬಿಡಲಿಲ್ಲ. ತುತ್ತು ತಾಟಿಗೆ ಬಿತ್ತು. ಹಾಲವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ನಾನು ಎಂದಿನ ಹಾಗೆ ತುತ್ತು ಕೊಡಲಿಕ್ಕೆ ಬಗ್ಗಿದವಳು ಅಲ್ಲೇ ನಿಂತೆ.

ಅವರು ನನ್ನನ್ನು ನೋಡದೆ ಹಾಲವ್ವನಿಗೆ, "ನಾಳಿ ಮುಟ್ಟತೈತಿ" ಅಂದರು.

"ಹೂಂ, ಮುಟ್ಟತೈತಿ" ಅಂದೆ ನಾನು.

ಮರುದಿನ ಮುಟ್ಟಲಿಲ್ಲ. ಅದರ ಮರುದಿನವೂ ಮುಟ್ಟಲಿಲ್ಲ. ಬಾಗಿಲು ಮುಚ್ಚಿದ ಆ ಒಂದು ಮಧ್ಯಾಹ್ನ ಬಾಯಿಗೆ ಮುಟ್ಟಿದ ಕೈ ಆಮೇಲೆ ಎಂದೂ ಎದೆಯನ್ನು ದಾಟಲಿಲ್ಲ. ಆದರೂ ಅವರು ಬದುಕಿದ್ದಷ್ಟು ದಿನ ಪ್ರತಿ ಊಟದಲ್ಲೂ ಮೊದಲ ತುತ್ತನ್ನು ತಾವೇ ಎತ್ತುತ್ತಿದ್ದರು, ಬಿದ್ದ ಮೇಲೆ ನಾಳೆ ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಆಮೇಲೆ ಕಣ್ಣು ತೆರೆದುಕೊಂಡೇ ನನ್ನ ಕೈಯಿಂದ ಉಣ್ಣುತ್ತಿದ್ದರು.